ಯಾವ ಮಾತಿಗೆ ಯಾವ ಆ್ಯಪ್: ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂನಲ್ಲಿ ಗುಟ್ಟು ಎಷ್ಟು ಉಳಿಯುತ್ತದೆ

ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ದಿನಾ ಓಡಾಡುವವರದು ಒಂದು ಸಂಸಾರ ಇದ್ದ ಹಾಗೆ. ಪಾಂಡವಪುರದಲ್ಲಿ ಹತ್ತುವ ಒಬ್ಬ ಹುಡುಗಿ ಇದ್ದಾಳೆ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದು ದಿನ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದಳು: "ಅಕ್ಕಾ, ವಾಟ್ಸಾಪಲ್ಲಿ ಬರ್ದಿದ್ದ ಯಾರೂ ಓದಕಾಗಲ್ಲ ಅಂತ ಅದ್ರಲ್ಲೇ ಹಾಕವ್ರಲ್ಲ, ಮತ್ತೆ ನಾನು ನಮ್ಮಕ್ಕಂಗೆ ಬರ್ದಿದ್ದು ನಮ್ಮತ್ತೆ ಮನೇವ್ರಿಗೆ ಹೆಂಗೆ ಗೊತ್ತಾಯ್ತು?"

ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದೇನೆ, ಒಂದಿಷ್ಟು ದುಡ್ಡು ಕೂಡಿಟ್ಟಿದ್ದೇನೆ ಅಂತ ಅವಳು ಅಕ್ಕನಿಗೆ ಬರೆದಿದ್ದಳು. ವಾರದೊಳಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ನಾನು ಅವಳ ಫೋನ್ ಇಸಿದುಕೊಂಡು ವಾಟ್ಸಾಪಿನ ಲಿಂಕ್ಡ್ ಡಿವೈಸಸ್, ಅಂದರೆ ಅದೇ ಖಾತೆ ಇನ್ನೆಲ್ಲೆಲ್ಲಿ ತೆರೆದಿದೆ ಅಂತ ತೋರಿಸುವ ಪಟ್ಟಿ, ತೆಗೆದು ನೋಡಿದೆ. ಒಂದು ಕಂಪ್ಯೂಟರಿನ ಹೆಸರು ಕಾಣಿಸಿತು. ಫೋಟೋ ಪ್ರಿಂಟ್ ತೆಗೆಯಬೇಕು ಅಂತ ಗಂಡ ಎಂದೋ ಜೋಡಿಸಿದ್ದು, ಹಾಗೇ ಉಳಿದಿತ್ತು. ಯಾರೂ ಬೀಗ ಒಡೆದಿರಲಿಲ್ಲ. ಬೀಗದ ಕೈ ಎರಡಾಗಿತ್ತು, ಅಷ್ಟೇ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. "ಯಾವ ಆ್ಯಪ್ ಸೇಫು?" ಅಂತ ಕೇಳುವವರು ಮೊದಲಿಂದಲೂ ಇದ್ದರು. ಆ ಹುಡುಗಿಯ ಫೋನ್ ನೋಡಿದ ಮೇಲೆ ಆ ಪ್ರಶ್ನೆಗೆ ಒಂದೇ ಹೆಸರು ಹೇಳಿ ಕಳಿಸುವುದನ್ನು ಬಿಟ್ಟೆ. ಯಾರಿಂದ ಮುಚ್ಚಿಡಬೇಕು, ಯಾವ ಮಾತು, ಎಷ್ಟು ದಿನ ಅಂತ ಮೊದಲು ಕೇಳುತ್ತೇನೆ. ಉತ್ತರ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ.

ಮುಯ್ಯಿ ಕವರ್, ಮುಯ್ಯಿ ಪುಸ್ತಕ

ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಅಂದರೇನು ಅಂತ ಹೇಳಲು ನಮ್ಮ ಕಡೆಯ ಮದುವೆ ಛತ್ರದ ಬಾಗಿಲಿಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಅಲ್ಲಿ ಮುಯ್ಯಿ ಬರೆದುಕೊಳ್ಳುವವರು ಪುಸ್ತಕ ಹಿಡಿದು ಕೂತಿರುತ್ತಾರೆ. ಕವರ್ ಅಂಟಿಸಿ ಕೊಟ್ಟರೆ ಒಳಗಿರುವುದು ನೂರೊಂದೋ ಸಾವಿರದೊಂದೋ ಅವರಿಗೆ ತಿಳಿಯುವುದಿಲ್ಲ. ಆದರೆ ಯಾರು ಬಂದರು, ಯಾವ ಊರಿನವರು, ಎಷ್ಟು ಹೊತ್ತಿಗೆ, ಯಾರ ಜೊತೆ, ಯಾರು ಬರಲೇ ಇಲ್ಲ, ಇದೆಲ್ಲ ಗೊತ್ತಾಗುತ್ತದೆ. ಕವರ್ ಒಂದನ್ನೂ ಬಿಚ್ಚದೆ, ಬರೀ ಆ ಪುಸ್ತಕ ನೋಡಿ, ಯಾವ ಮನೆಗೂ ಯಾವ ಮನೆಗೂ ಮಾತುಕತೆ ಇದೆ, ಎಲ್ಲಿ ಮುರಿದಿದೆ ಅಂತ ಹೇಳಿಬಿಡಬಹುದು.

ಅಂಟಿಸಿದ ಕವರೇ ಎನ್‌ಕ್ರಿಪ್ಶನ್. ನಿಮ್ಮ ಫೋನಿನಲ್ಲಿ ಮುಚ್ಚಿಕೊಂಡ ಮಾತು ಎದುರಿನವರ ಫೋನಿನಲ್ಲೇ ಬಿಚ್ಚಿಕೊಳ್ಳುತ್ತದೆ. ನಡುವೆ ಇರುವ ಜಿಯೋ, ಏರ್‌ಟೆಲ್, ವೈಫೈ ಕೊಟ್ಟ ಹೋಟೆಲು, ಆ್ಯಪ್ ನಡೆಸುವ ಕಂಪನಿ, ಯಾರಿಗೂ ಒಳಗಿನದು ಕಾಣುವುದಿಲ್ಲ. ಯಾರು ಯಾರಿಗೆ, ಯಾವಾಗ, ಎಷ್ಟು ಸಲ ಅನ್ನುವ ಪುಸ್ತಕಕ್ಕೆ ಮೆಟಾಡೇಟಾ ಅನ್ನುತ್ತಾರೆ. ಒಂದು ಆ್ಯಪ್ ಇನ್ನೊಂದಕ್ಕಿಂತ ಮೇಲು ಅನ್ನುವಾಗ ನಾನು ನೋಡುವುದು ಮೂರು: ಕವರ್ ತಾನಾಗಿ ಅಂಟಿಕೊಳ್ಳುತ್ತದೆಯೋ ನಾವು ಕೇಳಿದಾಗ ಮಾತ್ರವೋ, ಪುಸ್ತಕ ಎಷ್ಟು ದಪ್ಪ, ಮನೆಗೆ ಹೋದ ಮೇಲೆ ಕವರ್ ಎಲ್ಲಿ ಬಿದ್ದಿರುತ್ತದೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ನಾನು ಕಂಡಂತೆ ನಮ್ಮ ಊರುಗಳಲ್ಲಿ ಮಾತು ಸೋರುವುದು ಹೆಚ್ಚಾಗಿ ಅಲ್ಲೇ.

ವಾಟ್ಸಾಪ್: ಬೀಗ ಗಟ್ಟಿ, ಪುಸ್ತಕ ದಪ್ಪ

ವಾಟ್ಸಾಪಿನ ಎನ್‌ಕ್ರಿಪ್ಶನ್ ಬೂಟಾಟಿಕೆ ಅನ್ನುವವರನ್ನು ನಂಬಬೇಡಿ. ಸಿಗ್ನಲ್‌ನವರು ಕಟ್ಟಿದ ಪ್ರೋಟೋಕಾಲನ್ನೇ, ಅಂದರೆ ಮಾತು ಮುಚ್ಚುವ ಬಿಚ್ಚುವ ವಿಧಾನವನ್ನೇ, ಅದು ಬಳಸುತ್ತದೆ. 2016ರ ಏಪ್ರಿಲ್‌ನಿಂದ ಎಲ್ಲರ ಮಾತು, ಕರೆ, ಫೋಟೋ ತಾನಾಗಿ ಮುಚ್ಚಿಕೊಂಡೇ ಹೋಗುತ್ತಿವೆ. ಏನೂ ಒತ್ತಬೇಕಿಲ್ಲ. ಅದರ ದೊಡ್ಡ ಗುಣ ಇದೇ. ನಮ್ಮಮ್ಮನಿಗೆ ಎನ್‌ಕ್ರಿಪ್ಶನ್ ಅಂದರೆ ಏನು ಅಂತ ಗೊತ್ತಿಲ್ಲದೆಯೂ ಅವರ ಮಾತು ದಾರಿಯಲ್ಲಿ ಭದ್ರವಾಗಿದೆ.

ಪುಸ್ತಕದ ವಿಷಯ ಬೇರೆ. ವಾಟ್ಸಾಪನ್ನು 2014ರಲ್ಲಿ ಕೊಂಡದ್ದು ಫೇಸ್‌ಬುಕ್, ಈಗಿನ ಮೆಟಾ. ನಿಮ್ಮ ನಂಬರ್, ಅನುಮತಿ ಕೊಟ್ಟಿದ್ದರೆ ಫೋನ್‌ಬುಕ್ಕಿನ ನಂಬರ್‌ಗಳು, ಯಾವ ಗ್ರೂಪ್‌ಗಳಲ್ಲಿದ್ದೀರಿ, ಯಾವ ಫೋನ್, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ಗುರುತು), ಯಾವಾಗ ಬಂದಿರಿ, ಇವು ಕಂಪನಿಗೆ ಗೊತ್ತಿರುತ್ತವೆ. 2021ರ ಜನವರಿಯಲ್ಲಿ ಪ್ರೈವಸಿ ಪಾಲಿಸಿ ಬದಲಾದಾಗ ನಮ್ಮ ಗ್ರೂಪ್‌ಗಳಲ್ಲೆಲ್ಲ ಗಲಾಟೆ ಎದ್ದದ್ದು ಇದೇ ಕಾರಣಕ್ಕೆ. ಆಗ ಸಿಗ್ನಲ್ ಹಾಕಿಕೊಂಡವರಲ್ಲಿ ಎಷ್ಟೋ ಜನ ತಿಂಗಳೊಪ್ಪತ್ತಿನಲ್ಲಿ ವಾಪಸ್ ಬಂದರು. ಮಾತಾಡಬೇಕಾದವರು ಇಲ್ಲೇ ಇದ್ದರಲ್ಲ.

ವಾಟ್ಸಾಪಿನ ಒಳಗೇ ಕವರ್ ಅಂಟಿರದ ಜಾಗಗಳೂ ಇವೆ. ಚಾನೆಲ್‌ಗಳು ಬಹಿರಂಗ. ಮೆಟಾ ಎಐಗೆ ನೀವು ಕೇಳಿದ ಪ್ರಶ್ನೆಯನ್ನು ಓದಿಯೇ ಅದು ಉತ್ತರಿಸುವುದು, ಆದ್ದರಿಂದ ಅದು ಮೆಟಾಗೆ ಹೋಗಲೇಬೇಕು. ಬ್ಯಾಂಕು, ಗ್ಯಾಸ್ ಏಜೆನ್ಸಿ, ಲ್ಯಾಬ್ ಇವುಗಳ ಬಿಸಿನೆಸ್ ಖಾತೆಗೆ ಬರೆದದ್ದನ್ನು ಅಲ್ಲಿ ಕೂತ ಎಷ್ಟೋ ಸಿಬ್ಬಂದಿ ಓದಬಹುದು, ಅವರು ಗೊತ್ತುಮಾಡಿಕೊಂಡ ಬೇರೆ ಕಂಪನಿಯೂ ಓದಬಹುದು. ರಕ್ತಪರೀಕ್ಷೆಯ ವರದಿ ತರಿಸಿಕೊಳ್ಳುವಾಗ ಇದು ನೆನಪಿರಲಿ. ನಿಮ್ಮ ಮೇಲೆ ಯಾರಾದರೂ ರಿಪೋರ್ಟ್ ಒತ್ತಿದರೆ ಆ ಚಾಟಿನ ಕೊನೆಯ ಐದು ಮೆಸೇಜುಗಳು ವಾಟ್ಸಾಪಿಗೆ ಹೋಗುತ್ತವೆ. ಕಿರುಕುಳ ಕೊಡುವವನನ್ನು ಹಿಡಿಯಲು ಇದು ಬೇಕೇ ಬೇಕು, ನನ್ನ ತಕರಾರಿಲ್ಲ.

ಬ್ಯಾಕಪ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ವಾಟ್ಸಾಪ್ ನಿಮ್ಮ ಮಾತುಗಳ ನಕಲನ್ನು ಗೂಗಲ್ ಅಥವಾ ಐಕ್ಲೌಡ್ ಖಾತೆಯಲ್ಲಿ ಇಡುತ್ತದೆ. ಆ ನಕಲಿಗೆ ಎಂಡ್-ಟು-ಎಂಡ್ ಬೀಗ ಹಾಕುವ ಸೌಲಭ್ಯ ಬಂದದ್ದು 2021ರ ಅಕ್ಟೋಬರಿನಲ್ಲಿ, ಅದನ್ನೂ ನಾವೇ ಆನ್ ಮಾಡಬೇಕು. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಅದರೊಳಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಪಾಸ್‌ವರ್ಡ್ ಇಡಬಹುದು, ಇಲ್ಲವೇ 64 ಅಂಕಿ-ಅಕ್ಷರಗಳ ಕೀ ಬರೆದಿಟ್ಟುಕೊಳ್ಳಬಹುದು. ಮರೆತರೆ ಯಾರೂ ತೆಗೆದುಕೊಡುವುದಿಲ್ಲ. ಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡಿ.

ನಮ್ಮ ಕಡೆ ಇನ್ನೊಂದು ರೂಢಿ ಇದೆ. ಹೊಸ ಫೋನ್ ಕೊಂಡರೆ ಜಿಮೇಲ್ ಐಡಿ ಮಾಡಿಕೊಡುವುದು ಅಂಗಡಿಯ ಹುಡುಗ. ಪಾಸ್‌ವರ್ಡ್ ಅವನಿಗೇ ಗೊತ್ತು, ಕೆಲವೊಮ್ಮೆ ಅವನದೇ ಐಡಿ ಹಾಕಿಬಿಟ್ಟಿರುತ್ತಾನೆ. ನಮ್ಮ ಸಂಬಂಧಿಕರೊಬ್ಬರ ಫೋನಿನಲ್ಲಿ ಎರಡು ವರ್ಷದ ಬ್ಯಾಕಪ್ ಹೀಗೆ ಗುರುತೇ ಇಲ್ಲದ ಐಡಿಯೊಂದಕ್ಕೆ ಹೋಗುತ್ತಿತ್ತು. ಆ ನಕಲನ್ನು ಬಿಚ್ಚಲು ನಿಮ್ಮ ನಂಬರಿಗೆ ಬರುವ ಓಟಿಪಿಯೂ ಬೇಕು, ಹಾಗಾಗಿ ಐಡಿ ಇದ್ದ ಮಾತ್ರಕ್ಕೆ ಓದಲಾಗದು. ಆದರೂ ನಮ್ಮ ಮನೆಯ ಪೆಟ್ಟಿಗೆ ಗುರುತಿಲ್ಲದವರ ಅಟ್ಟದಲ್ಲಿ ಏಕಿರಬೇಕು? ಇವತ್ತೇ ಚಾಟ್ ಬ್ಯಾಕಪ್ ತೆಗೆದು ಯಾವ ಐಡಿ ಇದೆ ಅಂತ ನೋಡಿ.

ಇಷ್ಟೆಲ್ಲ ನೀವು ಮಾಡಿದರೂ ಎದುರಿನವರು ತಮ್ಮ ಬ್ಯಾಕಪ್ಪಿಗೆ ಬೀಗ ಹಾಕದಿದ್ದರೆ ಅದೇ ಮಾತು ಅವರ ಖಾತೆಯಲ್ಲಿ ಬೀಗವಿಲ್ಲದೆ ಕೂತಿರುತ್ತದೆ.

ಲಿಂಕ್ಡ್ ಡಿವೈಸಸ್ ಆಗಲೇ ಹೇಳಿದೆ. ಒಂದು ಫೋನಿಗೆ ನಾಲ್ಕು ಕಡೆ ಜೋಡಣೆ ಇರಬಹುದು. ಫೋನ್ ಆಫ್ ಇದ್ದರೂ ಅಲ್ಲಿ ಮಾತು ಬರುತ್ತಲೇ ಇರುತ್ತದೆ. ಆಫೀಸು, ಸೈಬರ್ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲಿ ಪ್ರಿಂಟಿಗೆಂದು ಕ್ಯೂಆರ್ ತೋರಿಸಿ ಹಾಗೇ ಎದ್ದು ಬಂದವರು ನಮ್ಮಲ್ಲಿ ಎಷ್ಟಿದ್ದಾರೋ. ತಿಂಗಳಿಗೊಮ್ಮೆ ಆ ಪಟ್ಟಿ ನೋಡಿ, ಗೊತ್ತಿಲ್ಲದ್ದನ್ನೆಲ್ಲ ಲಾಗ್ ಔಟ್ ಮಾಡಿ.

ಸಿಗ್ನಲ್: ಪುಸ್ತಕವನ್ನೇ ಇಡದವರು

ಸಿಗ್ನಲ್ ನಡೆಸುವುದು ಲಾಭಕ್ಕಲ್ಲದ ಸಂಸ್ಥೆ. ವಾಟ್ಸಾಪ್ ಕಟ್ಟಿದವರಲ್ಲಿ ಒಬ್ಬರಾದ ಬ್ರಯನ್ ಆ್ಯಕ್ಟನ್ 5 ಕೋಟಿ ಡಾಲರ್ ಕೊಟ್ಟು, ಸಿಗ್ನಲ್ ಕಟ್ಟಿದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಜೊತೆ 2018ರಲ್ಲಿ ಸಿಗ್ನಲ್ ಫೌಂಡೇಶನ್ ಶುರುಮಾಡಿದರು. ಜಾಹೀರಾತು ಇಲ್ಲ. ಪ್ರೋಗ್ರಾಂ ಬಹಿರಂಗವಾಗಿದೆ, ತಿಳಿದವರು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು.

ನನಗೆ ಅದರ ಮೇಲೆ ನಂಬಿಕೆ ಬಂದದ್ದು ಒಂದು ಪ್ರಸಂಗದಿಂದ. 2016ರಲ್ಲಿ ಅಮೆರಿಕದ ವರ್ಜೀನಿಯಾದ ಗ್ರ್ಯಾಂಡ್ ಜ್ಯೂರಿಯೊಂದು (ಕೇಸು ಹಾಕಲು ಆಧಾರ ಇದೆಯೇ ಅಂತ ನೋಡುವ ನಾಗರಿಕರ ಮಂಡಳಿ) ಖಾತೆಯ ವಿವರ ಕೊಡಿ ಅಂತ ಆದೇಶ ಕಳಿಸಿತು. ಸಿಗ್ನಲ್‌ನವರ ಬಳಿ ಕೊಡಲು ಇದ್ದದ್ದು ಎರಡೇ: ಖಾತೆ ತೆರೆದ ಸಮಯ, ಕೊನೆಯ ಸಲ ಸರ್ವರಿಗೆ ಬಂದ ದಿನ. ಯಾರ ಜೊತೆ ಮಾತಾಡಿದರು, ಯಾವ ಗ್ರೂಪು, ಫೋನ್‌ಬುಕ್ಕಿನಲ್ಲಿ ಯಾರು, ಒಂದೂ ಇರಲಿಲ್ಲ. ಕೊಡುವುದಿಲ್ಲ ಅನ್ನುವುದಕ್ಕೂ ಕೊಡಲು ಇಲ್ಲವೇ ಇಲ್ಲ ಅನ್ನುವುದಕ್ಕೂ ಇರುವ ಅಂತರ ದೊಡ್ಡದು. ಮುಯ್ಯಿ ಪುಸ್ತಕವನ್ನೇ ಬರೆಯದ ಛತ್ರ ಅದು.

ಖಾತೆ ತೆರೆಯಲು ಈಗಲೂ ಫೋನ್ ನಂಬರ್ ಬೇಕು. 2024ರ ಫೆಬ್ರವರಿಯಿಂದ ಯೂಸರ್‌ನೇಮ್ ಬಂದಿದೆ, ನಂಬರ್ ತೋರಿಸದೆ ಮಾತಾಡಬಹುದು. ಹೆಣ್ಣುಮಕ್ಕಳಿಗೆ ಒಂದು ಮಾತು ಒತ್ತಿ ಹೇಳುತ್ತೇನೆ: ಸಿಗ್ನಲ್ ಹಾಕಿಕೊಂಡರೆ, ನಿಮ್ಮ ನಂಬರ್ ಇಟ್ಟುಕೊಂಡಿರುವ ಮತ್ತೊಬ್ಬ ಸಿಗ್ನಲ್ ಬಳಕೆದಾರರಿಗೆ ನೀವು ಅಲ್ಲಿರುವುದು ಗೊತ್ತಾಗಬಹುದು. ಗುಟ್ಟಾಗಿ ಹಾಕಿಕೊಂಡದ್ದೇ ಸುದ್ದಿಯಾಗಬಾರದು ಅಂತಿದ್ದರೆ, ಮೊದಲ ಸಲ ಪ್ರೊಫೈಲ್ ಮಾಡುವ ಪುಟದಲ್ಲೇ ನಂಬರಿನಿಂದ ನನ್ನನ್ನು ಯಾರು ಹುಡುಕಬಹುದು ಅನ್ನುವಲ್ಲಿ ಯಾರೂ ಬೇಡ ಅನ್ನುವ ಆಯ್ಕೆ ಒತ್ತಿ.

ಸಿಗ್ನಲ್‌ನ ಕೊರತೆ ಒಂದೇ, ಅದು ದೊಡ್ಡದು. ಮಂಡ್ಯದಲ್ಲಿ ಅದರಲ್ಲಿ ಯಾರೂ ಸಿಗುವುದಿಲ್ಲ. ನನ್ನ ಫೋನಿನ ನಾನೂರು ನಂಬರುಗಳಲ್ಲಿ ಸಿಗ್ನಲ್ ಇರುವವರು ಒಂಬತ್ತು ಜನ. ಫೋನ್ ಕಳೆದರೆ ಹಳೆಯ ಮಾತೆಲ್ಲ ಹೋಯಿತು ಅನ್ನುವ ಕಷ್ಟವೂ ಬಹಳ ಕಾಲ ಇತ್ತು. 2025ರ ಸೆಪ್ಟೆಂಬರಿನಲ್ಲಿ ಅವರೂ ಬೀಗ ಹಾಕಿದ ಬ್ಯಾಕಪ್ ಕೊಡಲು ಶುರುಮಾಡಿದರು, ಅದರ 64 ಅಕ್ಷರದ ಕೀ ನಿಮ್ಮ ಕೈಯಲ್ಲೇ ಇರುತ್ತದೆ.

ಸಿಗ್ನಲ್ ಇದ್ದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. 2025ರ ಮಾರ್ಚಿನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಲಹೆಗಾರರೇ ಯೆಮೆನ್ ಮೇಲಿನ ದಾಳಿಯ ಮಾತು ನಡೆಯುತ್ತಿದ್ದ ಸಿಗ್ನಲ್ ಗ್ರೂಪಿಗೆ ಕೈತಪ್ಪಿ ಒಬ್ಬ ಪತ್ರಕರ್ತರನ್ನು ಸೇರಿಸಿಬಿಟ್ಟರು. ಎನ್‌ಕ್ರಿಪ್ಶನ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು, ಗ್ರೂಪಿನಲ್ಲಿದ್ದ ಅಷ್ಟೂ ಜನರಿಗೆ ಮಾತನ್ನು ಭದ್ರವಾಗಿ ಮುಟ್ಟಿಸಿತು.

ಟೆಲಿಗ್ರಾಂ: ಜನ ತಪ್ಪು ತಿಳಿದಿರುವುದು ಇಲ್ಲೇ

ಮೈಸೂರಿನಲ್ಲಿ ಪರೀಕ್ಷೆಗೆ ಓದುವ ಮಕ್ಕಳ ಪಿಜಿಗಳಿಗೆ ಹೋದರೆ ಎಲ್ಲರ ಫೋನಿನಲ್ಲೂ ಟೆಲಿಗ್ರಾಂ. ಕೆಪಿಎಸ್‌ಸಿ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಪಿಡಿಎಫ್‌ಗಳು. 2 ಜಿಬಿ ಫೈಲನ್ನೂ ಕಳಿಸಬಹುದು, ಗ್ರೂಪಿನಲ್ಲಿ 2 ಲಕ್ಷ ಜನ ಇರಬಹುದು. ಆ ಕೆಲಸಕ್ಕೆ ಅದು ಬಹಳ ಒಳ್ಳೆಯದು, ನಾನೂ ಬಳಸುತ್ತೇನೆ.

ಆದರೆ ಅದೇ ಮಕ್ಕಳು "ಪರ್ಸನಲ್ ಮಾತು ಟೆಲಿಗ್ರಾಂಗೆ ಬಾ" ಅನ್ನುತ್ತಾರೆ. ಅದು ಗುಟ್ಟಿನ ಜಾಗ ಅಂದುಕೊಂಡಿದ್ದಾರೆ. ಟೆಲಿಗ್ರಾಂನ ಸಾಮಾನ್ಯ ಚಾಟ್ ಎಂಡ್-ಟು-ಎಂಡ್ ಮುಚ್ಚಿರುವುದಿಲ್ಲ. ಅದು ಕಂಪನಿಯ ಸರ್ವರಿನಲ್ಲಿರುತ್ತದೆ, ಅದರ ಬೀಗದ ಕೈಯೂ ಕಂಪನಿಯದೇ. ಗ್ರೂಪಿಗಂತೂ ಆ ಸೌಲಭ್ಯವೇ ಇಲ್ಲ. ಸೀಕ್ರೆಟ್ ಚಾಟ್ ಅಂತ ಬೇರೆ ಇದೆ: ಇಬ್ಬರ ನಡುವೆ ಮಾತ್ರ, ಆ ವ್ಯಕ್ತಿಯ ಪ್ರೊಫೈಲಿಗೆ ಹೋಗಿ ಮೂರು ಚುಕ್ಕಿ ಒತ್ತಿ ಪ್ರತ್ಯೇಕವಾಗಿ ಶುರುಮಾಡಬೇಕು. ಶುರುಮಾಡಿದವರನ್ನು ನನ್ನ ತರಗತಿಯಲ್ಲಿ ಇನ್ನೂ ಒಬ್ಬರನ್ನೂ ಕಂಡಿಲ್ಲ.

ಇದನ್ನು ಪರೀಕ್ಷಿಸಲು ಎಂಜಿನಿಯರಿಂಗ್ ಓದಿರಬೇಕಿಲ್ಲ. ಹೊಸ ಫೋನಿನಲ್ಲಿ ಬರೀ ಓಟಿಪಿ ಹಾಕಿದ ಕೂಡಲೇ, ಯಾವ ಬ್ಯಾಕಪ್ಪನ್ನೂ ಕೇಳದೆ, ಐದು ವರ್ಷದ ಮಾತೆಲ್ಲ ತಾನಾಗಿ ಬಂದು ಕೂತರೆ ಅಷ್ಟು ದಿನ ಅದು ಎಲ್ಲಿತ್ತು? ಕಂಪನಿಯ ಮನೆಯಲ್ಲಿತ್ತು. ಟೆಲಿಗ್ರಾಂನಲ್ಲಿ ಆಗುವುದು ಇದೇ.

ಟೆಲಿಗ್ರಾಂ ಸ್ಥಾಪಕ ಪಾವೆಲ್ ಡುರೋವ್ ಅವರನ್ನು 2024ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬಂಧಿಸಿದರು. ಮುಂದಿನ ತಿಂಗಳೇ ಕಂಪನಿ ತನ್ನ ನಿಯಮ ಬದಲಿಸಿತು: ಕಾನೂನುಬದ್ಧ ಕೋರಿಕೆ ಬಂದರೆ ನಿಯಮ ಮುರಿದವರ ಫೋನ್ ನಂಬರನ್ನೂ ಐಪಿ ವಿಳಾಸವನ್ನೂ ಕೊಡುತ್ತೇವೆ ಅಂತ. ನಮ್ಮಲ್ಲಿ ಅದಕ್ಕೂ ಮೊದಲೇ, 2022ರಲ್ಲಿ, ಕೋಚಿಂಗ್ ಪಾಠಗಳನ್ನು ಕದ್ದು ಹಂಚಿದ ಪ್ರಕರಣದಲ್ಲಿ ಚಾನೆಲ್ ಅಡ್ಮಿನ್‌ಗಳ ವಿವರವನ್ನು ದೆಹಲಿ ಹೈಕೋರ್ಟಿಗೆ ಒಪ್ಪಿಸಿತ್ತು. ಕೋರ್ಟು ಕೇಳಿದಾಗ ಕೊಟ್ಟದ್ದು ತಪ್ಪು ಅನ್ನುತ್ತಿಲ್ಲ. ಯಾರಿಗೂ ಕಾಣದ ಜಾಗ ಅಂತ ನಂಬಿಕೊಂಡಿರಬೇಡಿ ಅನ್ನುತ್ತಿದ್ದೇನೆ.

ಉಳಿದವು

ಜೋಹೋ ಕಂಪನಿಯ ಅರಟ್ಟೈ 2021ರಲ್ಲೇ ಬಂದದ್ದು. ಹೆಸರು ತಮಿಳಿನದು, ನಮ್ಮ ಹರಟೆಯೇ. 2025ರ ಸೆಪ್ಟೆಂಬರಿನಲ್ಲಿ ಜನ ಮುಗಿಬಿದ್ದು ಹಾಕಿಕೊಂಡಾಗ ಅದರ ಕರೆಗಳಿಗೆ ಎಂಡ್-ಟು-ಎಂಡ್ ಇತ್ತು, ಸಾಮಾನ್ಯ ಮೆಸೇಜಿಗೆ ಇರಲಿಲ್ಲ. ಸೇರಿಸುತ್ತೇವೆ ಅಂತ ಕಂಪನಿಯೇ ಹೇಳಿತು. ನಮ್ಮ ದೇಶದ್ದು ಅನ್ನುವ ಹೆಮ್ಮೆ ನನಗೂ ಇದೆ, ಆದರೆ ಎಲ್ಲಿ ಮಾಡಿದ್ದು ಅನ್ನುವುದು ಒಂದು ಪ್ರಶ್ನೆ, ಮುಚ್ಚಿದೆಯೇ ಅನ್ನುವುದು ಇನ್ನೊಂದು. ನಿಮ್ಮ ಚಾಟಿನ ಮಾಹಿತಿ ಪುಟ ತೆಗೆದು ಎನ್‌ಕ್ರಿಪ್ಶನ್ ಬಗ್ಗೆ ಏನಿದೆ ಅಂತ ಓದಿ, ಆಮೇಲೆ ನಂಬಿ.

ಐಫೋನಿನ ಐಮೆಸೇಜ್ ಆ್ಯಪಲ್ ಸಾಧನಗಳ ನಡುವೆ ಮಾತ್ರ ಮುಚ್ಚಿಕೊಳ್ಳುತ್ತದೆ. ಐಕ್ಲೌಡ್ ಬ್ಯಾಕಪ್ ಆನ್ ಇದ್ದು ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಅನ್ನುವ ಹೆಚ್ಚಿನ ಬೀಗ ಆಫ್ ಇದ್ದರೆ ಬೀಗದ ಕೈ ಆ್ಯಪಲ್ ಬಳಿಯೂ ಇರುತ್ತದೆ. ಗೂಗಲ್ ಮೆಸೇಜಸ್ಸಿನ ಆರ್‌ಸಿಎಸ್‌ನಲ್ಲಿ (ಎಸ್‌ಎಂಎಸ್‌ನ ಹೊಸ ರೂಪ) ಎರಡೂ ಕಡೆ ಅದೇ ಆ್ಯಪ್ ಇದ್ದರೆ ಕಳಿಸುವ ಗುಂಡಿಯ ಮೇಲೆ ಸಣ್ಣ ಬೀಗ ಕಾಣುತ್ತದೆ. ಬೀಗ ಇಲ್ಲದಿದ್ದರೆ ಮುಚ್ಚಿಲ್ಲ ಅಂತಲೇ ಲೆಕ್ಕ. ಸಾದಾ ಎಸ್‌ಎಂಎಸ್ ಅಂತೂ ಬಿಚ್ಚಿದ ಕವರ್.

ಯಾವ ಆ್ಯಪೂ ಕಾಯದ ಜಾಗ

2019ರಲ್ಲಿ ಪೆಗಾಸಸ್ ಅನ್ನುವ ಬೇಹುಗಾರಿಕೆ ಸಾಫ್ಟ್‌ವೇರ್ ವಾಟ್ಸಾಪಿನ ಕರೆಯಲ್ಲಿದ್ದ ಒಂದು ಸಂದಿನಿಂದ ಸುಮಾರು 1,400 ಜನರನ್ನು ಗುರಿಮಾಡಿತ್ತು ಅಂತ ವಾಟ್ಸಾಪೇ ಹೇಳಿತು. ಅವರಲ್ಲಿ ನಮ್ಮ ದೇಶದ ಪತ್ರಕರ್ತರೂ ಹೋರಾಟಗಾರರೂ ಇದ್ದರು. ಅಂಥದ್ದು ಫೋನಿನೊಳಗೇ ಕೂತು, ನೀವು ಬಿಚ್ಚಿ ಓದುವಾಗ ತಾನೂ ಓದುತ್ತದೆ. ಅಷ್ಟು ದುಬಾರಿ ಆಯುಧ ನಮ್ಮ ನಿಮ್ಮ ಮೇಲೆ ಬರಲಾರದು. ನಮ್ಮ ಮೇಲೆ ಬರುವುದು ಮದುವೆ ಆಮಂತ್ರಣ, ಟ್ರಾಫಿಕ್ ದಂಡದ ಚಲನ್ ಅನ್ನುವ ಹೆಸರಿನ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್. ಲಗ್ನಪತ್ರಿಕೆ ಅಂದರೆ ಫೋಟೋ ಅಥವಾ ಪಿಡಿಎಫ್ ಇರುತ್ತದೆ, ಇನ್‌ಸ್ಟಾಲ್ ಮಾಡು ಅಂತ ಯಾವ ಲಗ್ನಪತ್ರಿಕೆಯೂ ಕೇಳುವುದಿಲ್ಲ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಜಿಲ್ಲೆಯ ಸೆನ್ (ಸೈಬರ್ ಅಪರಾಧ ನೋಡುವ ಪೊಲೀಸ್) ಠಾಣೆಗೆ ಹೋಗಿ. ಎನ್‌ಕ್ರಿಪ್ಶನ್ ಇರುವುದು ನಿಮ್ಮ ಮಾತು ಕಾಯಲು. ಮೋಸಗಾರನ ಮಾತನ್ನೂ ಅದು ಅಷ್ಟೇ ಭದ್ರವಾಗಿ ನಿಮಗೆ ತಲುಪಿಸುತ್ತದೆ.

ಕಾನೂನಿನ ಕಡೆ ನೋಡಿದರೆ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದನ್ನು ನೆನೆದಾಗೆಲ್ಲ ನನಗೆ ಹೆಮ್ಮೆ. ಇನ್ನೊಂದು ಕಡೆ 2021ರ ಐಟಿ ನಿಯಮಗಳು, 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಮೆಸೇಜಿಂಗ್ ಕಂಪನಿಗಳು, ಆದೇಶ ಬಂದಾಗ, ಒಂದು ಮೆಸೇಜನ್ನು ಮೊದಲು ಹುಟ್ಟುಹಾಕಿದವರು ಯಾರು ಅಂತ ಹೇಳಬೇಕು ಅನ್ನುತ್ತವೆ. ವಾಟ್ಸಾಪ್ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಎನ್‌ಕ್ರಿಪ್ಶನ್ ಮುರಿ ಅಂದರೆ ದೇಶ ಬಿಡಬೇಕಾಗುತ್ತದೆ ಅಂತ 2024ರ ಏಪ್ರಿಲಿನಲ್ಲಿ ಅದರ ವಕೀಲರು ಹೇಳಿದ್ದರು.

ತಾನಾಗಿ ಅಳಿಯುವ ಮೆಸೇಜು ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂ ಮೂರರಲ್ಲೂ ಈಗ ಸಿಗುತ್ತದೆ. ಮನೆಮಾತಿಗೆ ಇಟ್ಟುಕೊಳ್ಳಿ. ಆದರೆ ಮನೆ ಭೋಗ್ಯಕ್ಕೆ ಕೊಟ್ಟ ಮಾತು, ಕಬ್ಬಿನ ದುಡ್ಡಿನ ಬಾಕಿ, ಕೈಸಾಲ, ಚೀಟಿ ವ್ಯವಹಾರ ಇವುಗಳ ಚಾಟಿಗೆ ಅದನ್ನು ಹಾಕಲೇಬೇಡಿ. ಯಾರಾದರೂ ಬೆದರಿಸಿದ್ದರೆ, ಅಸಭ್ಯವಾಗಿ ಬರೆದಿದ್ದರೆ ಆ ಮೆಸೇಜನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರದ ಜೊತೆ ಅದು ಕೋರ್ಟಿನಲ್ಲಿ ಸಾಕ್ಷ್ಯವಾಗುತ್ತದೆ. ನಾಚಿಕೆಯಿಂದ ಎಲ್ಲ ಅಳಿಸಿಬಿಟ್ಟು ಆಮೇಲೆ ಕೈಕಟ್ಟಿ ಕೂತವರನ್ನು ನಾನು ಕಂಡಿದ್ದೇನೆ, ಸಂಕಟವಾಗುತ್ತದೆ.

ಹಾಗಾದರೆ ಯಾವುದು?

ಮನೆ, ನೆಂಟರು, ಡೈರಿ, ಸ್ತ್ರೀಶಕ್ತಿ ಸಂಘ, ಸ್ಕೂಲಿನ ಗ್ರೂಪು: ವಾಟ್ಸಾಪೇ ಸಾಕು. ಬ್ಯಾಕಪ್ಪಿಗೆ ಬೀಗ ಹಾಕಿ, ಟೂ-ಸ್ಟೆಪ್ ಪಿನ್ (ಓಟಿಪಿಯ ಮೇಲೆ ಕೇಳುವ ಇನ್ನೊಂದು ಗುಟ್ಟಿನ ಅಂಕಿ) ಇಡಿ, ಲಿಂಕ್ಡ್ ಡಿವೈಸಸ್ ನೋಡುತ್ತಿರಿ. ಇದನ್ನು ಬಿಟ್ಟು ಎಲ್ಲರನ್ನೂ ಬೇರೆ ಆ್ಯಪಿಗೆ ಎಳೆಯುವ ಶ್ರಮ ದಂಡ. ನೋಟ್ಸು, ಪಿಡಿಎಫ್, ಸಾವಿರಾರು ಜನರ ಗುಂಪು: ಟೆಲಿಗ್ರಾಂ, ಆದರೆ ಅಲ್ಲಿ ಬರೆದದ್ದನ್ನು ಊರ ಮುಂದೆ ಹೇಳಿದ್ದೇ ಅಂದುಕೊಂಡು ಬರೆಯಿರಿ.

ವಕೀಲರ ಜೊತೆ ಕೇಸಿನ ಮಾತು, ಪತ್ರಕರ್ತರಿಗೆ ಕೊಡುವ ಸುದ್ದಿ, ಆಫೀಸಿನ ಲಂಚದ ದೂರು, ಹೇಳಲು ಸಂಕೋಚವಾಗುವ ಕಾಯಿಲೆ, ಹೊಡೆಯುವ ಮನೆಯಿಂದ ಹೊರಬರುವ ಯೋಚನೆ: ಸಿಗ್ನಲ್. ಯಾರ ಜೊತೆ ಮಾತಾಡಿದಿರಿ ಅನ್ನುವುದೇ ಅಪಾಯವಾಗುವ ಮಾತುಗಳು ಇವು. ಇದಕ್ಕೆ ನಾನೂರು ಜನ ಬೇಕಿಲ್ಲ, ಆ ಇನ್ನೊಬ್ಬರ ಫೋನಿನಲ್ಲಿ ಇದ್ದರೆ ಆಯಿತು. ಫೋನೇ ಬೇರೆಯವರ ಕೈಗೆ ಹೋಗುವ ಮನೆಯಾದರೆ ಸಿಗ್ನಲ್ ಕೂಡ ಕಾಯುವುದಿಲ್ಲ. ಅಲ್ಲಿ ಎದುರಾಬದುರು ಕೂತು ಮಾತಾಡುವುದೇ ಮೇಲು.

ಆ ನರ್ಸ್ ಹುಡುಗಿಯ ಫೋನಿಗೆ ನಾವು ಮಾಡಿದ್ದು ಹೀಗೆ. ಕಂಪ್ಯೂಟರನ್ನು ಲಾಗ್ ಔಟ್ ಮಾಡುವ ಮೊದಲು ಕೇಳಿದೆ: "ಇದು ತೆಗೆದ್ರೆ ಮನೇಲಿ ಗೊತ್ತಾಗುತ್ತೆ, ಏನಾದ್ರೂ ತೊಂದ್ರೆ ಆಗುತ್ತಾ?" ಅವಳು ಶ್ರೀರಂಗಪಟ್ಟಣ ದಾಟುವವರೆಗೂ ಯೋಚನೆ ಮಾಡಿದಳು. ಅವತ್ತು ತೆಗೆಯಲಿಲ್ಲ. ಅಕ್ಕನಿಗೆ ಆಸ್ಪತ್ರೆಯ ಫೋನಿನಿಂದ ಕರೆ ಮಾಡಿ ಸಿಗ್ನಲ್ ಹಾಕಿಕೊಳ್ಳಲು ಹೇಳಿದಳು, ತಾನೂ ಹಾಕಿಕೊಂಡು, ನಂಬರಿನಿಂದ ಯಾರೂ ಹುಡುಕದ ಹಾಗೆ ಮಾಡಿಕೊಂಡಳು. ವಾಟ್ಸಾಪಿನಲ್ಲಿ ಎಂದಿನ ಹಾಗೆ ಊಟ ಆಯ್ತಾ, ಮಗು ಹೆಂಗಿದೆ ಅಂತ ಮಾತು ನಡೆಯಿತು. ಮೂರು ವಾರ ಕಳೆದ ಮೇಲೆ, ಬೆಂಗಳೂರಿನ ಆಸ್ಪತ್ರೆಯ ಆರ್ಡರ್ ಕೈಗೆ ಬಂದ ದಿನ, ರೈಲಿನಲ್ಲೇ ಕಂಪ್ಯೂಟರನ್ನು ಲಾಗ್ ಔಟ್ ಮಾಡಿ ಫೋನಿನ ಪಿನ್ ಬದಲಿಸಿದಳು. ಅವಳು ಹೊಸ ಪಿನ್ ಒತ್ತುವಾಗ ನಾನು ಕಿಟಕಿಯ ಕಡೆಗೆ ತಿರುಗಿ ಕೂತೆ.